ಪದ್ಯದಲ್ಲಿಲ್ಲದ ಮಾತು: ತೆಂಕುತಿಟ್ಟಿನ ಹಾಸ್ಯಗಾರ ಮತ್ತು ವಿಮರ್ಶೆಯ ಹೊಣೆ

ಯಕ್ಷಗಾನದ ಅಧ್ಯಯನವು ಕಳೆದ ಹಲವು ದಶಕಗಳಲ್ಲಿ ಬಹುಮುಖವಾಗಿ ಬೆಳೆದಿದೆ. ಪ್ರಸಂಗಗಳ ಸಂಪಾದನೆ, ಕವಿ-ಕಾಲ ನಿರ್ಣಯ, ತೆಂಕು-ಬಡಗು ತಿಟ್ಟುಗಳ ತೌಲನಿಕ ವಿವೇಚನೆ, ಹಿಮ್ಮೇಳದ ರಾಗ-ತಾಳಗಳ ವಿಚಾರ, ಬಣ್ಣಗಾರಿಕೆ, ಅರ್ಥಗಾರಿಕೆ ಇವೆಲ್ಲವುಗಳ ಬಗೆಗೆ ಗಣನೀಯವಾದ ಸಾಹಿತ್ಯ ನಮ್ಮಲ್ಲಿದೆ. ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದುದು ಈ ಕ್ಷೇತ್ರಕ್ಕೆ ದೊರೆತ ವಿದ್ವನ್ಮಾನ್ಯತೆಯ ಮುಖ್ಯ ಘಟ್ಟ. ಆ ಬಳಿಕ ಅಮೃತ ಸೋಮೇಶ್ವರ, ಎಂ. ಪ್ರಭಾಕರ ಜೋಶಿ ಮೊದಲಾದವರು ಸಂಶೋಧನೆ ಮತ್ತು ವಿಮರ್ಶೆಗಳೆರಡರಲ್ಲಿಯೂ ಗಟ್ಟಿಯಾದ ನೆಲೆಗಳನ್ನು ನಿರ್ಮಿಸಿದ್ದಾರೆ. ಆದರೆ ಈ ವಿಪುಲ ಬರವಣಿಗೆಯಲ್ಲಿ ಹಾಸ್ಯಗಾರನಿಗೆ ದೊರೆತಿರುವ ಪಾಲು ಅವನು ರಂಗಸ್ಥಳದಲ್ಲಿ ಪಡೆದಿರುವ ಪಾಲಿಗೆ ಹೋಲಿಸಿದರೆ ತೀರ ಅಲ್ಪ. ರಾಜವೇಷ, ಪುಂಡುವೇಷ, ಬಣ್ಣದ ವೇಷ, ಸ್ತ್ರೀವೇಷಗಳ ವಿವೇಚನೆಯಾದ ಬಳಿಕ ಕೊನೆಯ ಒಂದೆರಡು ಪುಟಗಳಲ್ಲಿ ಅವನ ಪ್ರಸ್ತಾಪ ಬರುತ್ತದೆ. ಅಲ್ಲಿಯೂ ‘ಜನರನ್ನು ನಗಿಸಿದರು’ ಎಂಬ ಮಾತಿಗಿಂತ ಮುಂದೆ ಹೋದ ಬರಹ ವಿರಳ.

ಈ ಕೊರತೆಗೆ ಅನಾದರವೊಂದೇ ಕಾರಣವೆನ್ನಲಾಗದು. ಮೂಲತಃ ಇದು ಅಧ್ಯಯನ ವಿಧಾನಕ್ಕೆ ಸಂಬಂಧಿಸಿದ ಸಮಸ್ಯೆ. ನಮ್ಮ ಸಂಶೋಧನೆ ಮುದ್ರಿತ ಅಥವಾ ಹಸ್ತಪ್ರತಿಯ ರೂಪದ ಪ್ರಸಂಗವನ್ನು ಆಧಾರವಾಗಿರಿಸಿಕೊಂಡು ಹೊರಡುತ್ತದೆ. ಪ್ರಸಂಗದಲ್ಲಿ ಇರುವುದು ಭಾಗವತನು ಹಾಡುವ ಪದ್ಯ. ರಾಜವೇಷಧಾರಿಯು ಆಡುವ ಮಾತಿಗೆ ಆ ಪದ್ಯ ಬೀಜರೂಪದಲ್ಲಿರುತ್ತದೆ. ಹಾಸ್ಯಗಾರನಿಗಾದರೋ ಅನೇಕ ಸಂದರ್ಭಗಳಲ್ಲಿ ಪದ್ಯವೇ ಇಲ್ಲ. ‘ಚಾರಕನನ್ನು ಕರೆದು ಹೇಳಿದನು’ ಎಂಬಷ್ಟು ಸೂಚನೆ ಪ್ರಸಂಗದಲ್ಲಿದ್ದರೆ, ರಂಗಸ್ಥಳದಲ್ಲಿ ಅದು ಅರ್ಧ ಗಂಟೆಯ ಸನ್ನಿವೇಶವಾಗಿ ಅರಳುತ್ತದೆ. ಪಠ್ಯವನ್ನೇ ನಂಬಿದ ಸಂಶೋಧಕನಿಗೆ ಆ ಅರ್ಧ ಗಂಟೆ ಕಾಣಿಸುವುದಿಲ್ಲ. ಹಾಸ್ಯಗಾರನ ಕಲೆಯನ್ನು ಅಳೆಯಲು ಪ್ರಸಂಗದ ಹೊರಗೆ, ಆದರೆ ಪ್ರಸಂಗದ ಔಚಿತ್ಯಕ್ಕೆ ಬದ್ಧವಾಗಿ ನಿಲ್ಲಬಲ್ಲ ಬೇರೊಂದು ಮಾನದಂಡ ಅವಶ್ಯವಾಗಿದೆ ಎಂಬುದೇ ಪ್ರಸ್ತುತ ಲೇಖನದ ಪ್ರತಿಪಾದನೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪರಿಸರದೊಡನೆ ಸಂಬಂಧವುಳ್ಳ ಮೂವರು ಹಾಸ್ಯಗಾರರಾದ ಮಿಜಾರು ಅಣ್ಣಪ್ಪ, ವಿಟ್ಲ ಜೋಷಿ ಮತ್ತು ಬಂಟ್ವಾಳ ಜಯರಾಮ ಆಚಾರ್ಯರನ್ನು ನಿದರ್ಶನವಾಗಿ ಇಟ್ಟುಕೊಂಡು ಈ ವಿಷಯವನ್ನು ಇಲ್ಲಿ ಪರಿಶೀಲಿಸಲಾಗಿದೆ.

ಸಂಗೀತ ಮತ್ತು ಹಾಸ್ಯ: ಒಂದು ತೌಲನಿಕ ನೋಟ

ಹಾಡು, ಕುಣಿತ, ಮಾತು, ಹಾಸ್ಯ ಇವು ಒಂದೇ ಹಂದರದಲ್ಲಿ ಸೇರಿಕೊಂಡ ವೃತ್ತಿರಂಗಭೂಮಿ ಜಗತ್ತಿನ ಹಲವೆಡೆ ಇದೆ. ನ್ಯೂಯಾರ್ಕ್ ನಗರದ ಬ್ರಾಡ್‌ವೇ ರಂಗಮಂದಿರಗಳ ಸಂಗೀತನಾಟಕ ಅವುಗಳಲ್ಲಿ ಹೆಚ್ಚು ಪ್ರಸಿದ್ಧವಾದುದು. ಟಿಕೆಟ್ಟಿನ ಹಣದಿಂದಲೇ ನಡೆಯಬೇಕಾದ, ಪ್ರೇಕ್ಷಕನ ಮೆಚ್ಚುಗೆಯನ್ನೇ ಅವಲಂಬಿಸಿದ ಆ ವ್ಯವಸ್ಥೆಗೂ ನಮ್ಮ ಡೇರೆಯ ಮೇಳಗಳಿಗೂ ಕೆಲವು ಸಾಮ್ಯಗಳಿವೆ. ಭೇದಗಳು ಮಾತ್ರ ಇನ್ನೂ ಹೆಚ್ಚು ಬೋಧಪ್ರದವಾದವು.

ಬ್ರಾಡ್‌ವೇಯ ನಟನಿಗೆ ಬರೆದ ಮಾತು ಇದೆ, ಸ್ವರಪಡಿಸಿದ ಹಾಡು ಇದೆ. ಆ ಹಾಡನ್ನು ಅವನೇ ಹಾಡುತ್ತಾನೆ. ‘ದಿ ಫ್ಯಾಂಟಮ್ ಆಫ್ ದಿ ಆಪೆರಾ’ ಎಂಬ ಸಂಗೀತನಾಟಕವು 1988ರಿಂದ 2023ರವರೆಗೆ ಅಲ್ಲಿ 13,981 ಪ್ರದರ್ಶನಗಳನ್ನು ಕಂಡಿತು. ಅಷ್ಟು ಪ್ರದರ್ಶನಗಳಲ್ಲಿಯೂ ಪಠ್ಯ ಒಂದೇ, ಬದಲಾದವರು ನಟರು. ನಮ್ಮಲ್ಲಿ ವ್ಯವಸ್ಥೆ ಇದಕ್ಕೆ ವ್ಯತಿರಿಕ್ತವಾದುದು. ಯಕ್ಷಗಾನದ ಹಾಸ್ಯಗಾರ ಸ್ವತಃ ಹಾಡುವವನಲ್ಲ. ಹಾಡುವವನು ಭಾಗವತ. ಹಾಸ್ಯಗಾರ ಆ ಹಾಡಿಗೆ ಕುಣಿಯುತ್ತಾನೆ, ಅದರ ಅರ್ಥವನ್ನು ಹಿಗ್ಗಿಸುತ್ತಾನೆ, ಕೆಲವೊಮ್ಮೆ ಅದನ್ನೇ ಲೇವಡಿಮಾಡುತ್ತಾನೆ. ಇಂದು ದೇವೇಂದ್ರನ ದೂತ, ನಾಳೆ ಮಂಥರೆ, ನಾಡಿದ್ದು ಬಾಹುಕ ಎಂಬಂತೆ ಪ್ರಸಂಗ ಬದಲಾಗುತ್ತ ಹೋಗುತ್ತದೆ. ಪಠ್ಯ ರಾತ್ರಿಯಿಂದ ರಾತ್ರಿಗೆ ಬೇರೆ, ನಟ ಒಬ್ಬನೇ.

ಇನ್ನೊಂದು ಹೋಲಿಕೆ ಇಲ್ಲಿ ಉಲ್ಲೇಖನೀಯ. ಬರ್ಟ್ ಲಾರ್ ಎಂಬ ಅಮೆರಿಕದ ಹಾಸ್ಯನಟ ಅಗ್ಗದ ವಿನೋದ ಪ್ರದರ್ಶನಗಳಿಂದ ಮೇಲೆ ಬಂದು ಬ್ರಾಡ್‌ವೇಯ ಸಂಗೀತಪ್ರಹಸನಗಳಲ್ಲಿ ಹೆಸರು ಗಳಿಸಿದವನು. 1956ರಲ್ಲಿ ಸ್ಯಾಮುಯೆಲ್ ಬೆಕೆಟ್ಟನ ‘ವೇಟಿಂಗ್ ಫಾರ್ ಗೋಡೋ’ ನಾಟಕ ಬ್ರಾಡ್‌ವೇಗೆ ಬಂದಾಗ ಅದರ ಎಸ್ಟ್ರಗಾನ್ ಪಾತ್ರವನ್ನು ವಹಿಸಿದವನು ಈತನೇ. ಇಪ್ಪತ್ತನೆಯ ಶತಮಾನದ ಅತ್ಯಂತ ಗಂಭೀರ ನಾಟಕಗಳಲ್ಲೊಂದನ್ನು ವಿದೂಷಕನೊಬ್ಬ ಹೊತ್ತು ನಿಂತನು. ಅವನ ಮಗ, ರಂಗವಿಮರ್ಶಕ ಜಾನ್ ಲಾರ್, 1969ರಲ್ಲಿ ತಂದೆಯ ಜೀವನಚರಿತ್ರೆಯನ್ನು ಪ್ರಕಟಿಸಿದ್ದರಿಂದ ಆ ನಟನ ಕಸುಬಿನ ವಿವರಗಳು ಉಳಿದುಕೊಂಡವು. ನಗಿಸುವವನ ಬಾಳಿನಲ್ಲಿ ಶೋಧಿಸಬೇಕಾದ ಕಲಾತತ್ತ್ವವಿದೆ ಎಂಬ ನಂಬಿಕೆ ಆ ಗ್ರಂಥದ ಹಿಂದಿದೆ. ನಮ್ಮಲ್ಲಿ ಈ ದಿಸೆಯ ಪ್ರಯತ್ನ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಪಾಪಣ್ಣನ ಪಾತ್ರದಿಂದ ಮನೆಮಾತಾದ ಪೆರುವಡಿ ನಾರಾಯಣ ಭಟ್ಟರ ಆತ್ಮಕಥನ ‘ಹಾಸ್ಯಗಾರನ ಅಂತರಂಗ’ ಇಂಥದೊಂದು ಅಪರೂಪದ ದಾಖಲೆ. ಅಪರೂಪವಾಗಿಯೇ ಉಳಿದಿರುವುದು ಚಿಂತೆಯ ವಿಷಯ.

ಪರಿಸರ ಮತ್ತು ಮೇಳ

ನೇತ್ರಾವತಿಯ ದಂಡೆಯ ಬಂಟ್ವಾಳ, ಘಟ್ಟದ ಬುಡದ ಬೆಳ್ತಂಗಡಿ, ಜೈನ ಬಸದಿಗಳ ಮೂಡುಬಿದಿರೆ - ಈ ಮೂರು ಕೇಂದ್ರಗಳ ಸುತ್ತಣ ಪ್ರದೇಶ ತೆಂಕುತಿಟ್ಟಿನ ಫಲವತ್ತಾದ ಭೂಮಿ. ಶ್ರೀ ಮಂಜುನಾಥೇಶ್ವರ ಮೇಳದ ನೆಲೆಯಾದ ಧರ್ಮಸ್ಥಳ ಬೆಳ್ತಂಗಡಿ ತಾಲೂಕಿನಲ್ಲಿದೆ. ಕುರಿಯ ವಿಠಲ ಶಾಸ್ತ್ರಿ, ಪಡ್ರೆ ಚಂದು ಅವರಂಥ ಹಿರಿಯರು ಗುರುಗಳಾಗಿದ್ದ ಅಲ್ಲಿನ ಲಲಿತಕಲಾ ಕೇಂದ್ರದಿಂದ ಅನೇಕ ಕಲಾವಿದರು ಹೊರಬಂದಿದ್ದಾರೆ. ತುಳು ಪ್ರಸಂಗಗಳ ಸಮೃದ್ಧ ಕವಿ ಅನಂತರಾಮ ಬಂಗಾಡಿಯವರ ಊರೂ ಬೆಳ್ತಂಗಡಿ ತಾಲೂಕಿನದೇ. ಬಂಟ್ವಾಳ ತಾಲೂಕಿನ ಇರಾದ ಕುಂಡಾವು ಮೇಳ ಮತ್ತು ಕಲ್ಲಾಡಿ ಮನೆತನದ ಸಂಘಟನಾಶಕ್ತಿ ವ್ಯವಸಾಯಿ ಮೇಳಗಳ ಇತಿಹಾಸದಲ್ಲಿ ಪ್ರತ್ಯೇಕ ಅಧ್ಯಾಯ. ಮೂಡುಬಿದಿರೆಯ ಸಮೀಪದ ಮಾರೂರಿನಲ್ಲಿ ನೆಲೆಸಿದ್ದ ಬಲಿಪ ನಾರಾಯಣ ಭಾಗವತರು 2023ರ ಫೆಬ್ರವರಿಯಲ್ಲಿ ನಿಧನರಾಗುವವರೆಗೂ ತೆಂಕಿನ ಹಾಡುಗಾರಿಕೆಯ ಪ್ರಾಚೀನ ಶೈಲಿಗೆ ಪ್ರಮಾಣವಾಗಿದ್ದವರು.

ದೀಪಾವಳಿಯ ಬಳಿಕ ಹೊರಡುವ ಮೇಳಗಳು ಬೇಷ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಸುಮಾರು ಆರು ತಿಂಗಳ ಈ ತಿರುಗಾಟದಲ್ಲಿ ಹಾಸ್ಯಗಾರನು ಪ್ರತಿ ರಾತ್ರಿ ಬೇರೊಂದು ಊರಿನ, ಬೇರೊಂದು ಮನೋಧರ್ಮದ ಪ್ರೇಕ್ಷಕರ ಮುಂದೆ ನಿಲ್ಲುತ್ತಾನೆ. ಹರಕೆಯ ಬಯಲಾಟಕ್ಕೆ ಬಂದ ಭಕ್ತರ ಸಮೂಹ ಒಂದು ಬಗೆ. ಟಿಕೆಟ್ಟು ಪಡೆದು ಡೇರೆಯೊಳಗೆ ಕುಳಿತವರು ಇನ್ನೊಂದು ಬಗೆ. ಒಂದೇ ಮಾತು ಎರಡೂ ಕಡೆ ಸಮನಾಗಿ ಸಲ್ಲುವುದಿಲ್ಲ. ಈ ವಿವೇಕ ಯಾವ ಪ್ರಸಂಗಪುಸ್ತಕದಲ್ಲಿಯೂ ದೊರೆಯುವಂಥದಲ್ಲ. ಅದು ತಿರುಗಾಟದಿಂದಲೇ ಬರಬೇಕು.

ಹಾಸ್ಯದ ವ್ಯಾಕರಣ

ಹಳೆಯ ರಂಗಪರಂಪರೆಯಲ್ಲಿ ಹಾಸ್ಯಗಾರನಿಗೆ ಹನುಮನಾಯಕನೆಂಬ ಹೆಸರೂ ಇತ್ತು. ಸಂಸ್ಕೃತ ನಾಟಕದ ವಿದೂಷಕನೊಡನೆ ಅವನನ್ನು ಹೋಲಿಸುವುದು ರೂಢಿ. ಹೋಲಿಕೆ ಪೂರ್ಣವಾಗಿ ಹೊಂದುವುದಿಲ್ಲ. ವಿದೂಷಕ ನಾಯಕನ ಸಖ, ಅವನದು ಬಹುಮಟ್ಟಿಗೆ ನಿಶ್ಚಿತ ಪಾತ್ರ. ಯಕ್ಷಗಾನದ ಹಾಸ್ಯಗಾರನ ವ್ಯಾಪ್ತಿ ಇದಕ್ಕಿಂತ ಬಹಳ ದೊಡ್ಡದು. ದೇವದೂತ, ರಕ್ಕಸರ ಚಾರಕ, ಕೃಷ್ಣನ ಗೆಳೆಯ ಮಕರಂದ, ಸಾರಥಿ ದಾರುಕ, ಕಂಸವಧೆಯ ರಜಕ, ಭೀಷ್ಮವಿಜಯದ ಮುದಿ ಬ್ರಾಹ್ಮಣ, ಪಟ್ಟಾಭಿಷೇಕದ ಮಂಥರೆ, ನಳಚರಿತ್ರೆಯ ಬಾಹುಕ, ಪಾಪಣ್ಣ ವಿಜಯದ ನಾಯಕನಾದ ಪಾಪಣ್ಣ - ಇವೆಲ್ಲ ಅವನ ಪಾಲಿಗೆ ಬರುವ ವೇಷಗಳು. ಇವುಗಳಲ್ಲಿ ಕೆಲವು ಶುದ್ಧ ವಿನೋದಕ್ಕೆ ಮೀಸಲು. ಕೆಲವು ಕಥೆಯ ದಿಕ್ಕನ್ನೇ ತಿರುಗಿಸುವಂಥವು. ಇನ್ನು ಕೆಲವು ನಗುವಿನ ಹೊದಿಕೆಯೊಳಗೆ ದುಃಖವನ್ನು ಇರಿಸಿಕೊಂಡವು.

ಈ ವೇಷಗಳನ್ನು ನಿರ್ವಹಿಸುವವನಿಗೆ ನಾಲ್ಕು ಬಗೆಯ ಸಿದ್ಧತೆ ಬೇಕಾಗುತ್ತದೆ. ಮೊದಲನೆಯದು ತಾಳಜ್ಞಾನ. ಹಾಸ್ಯದ ಕುಣಿತ ಮೇಲ್ನೋಟಕ್ಕೆ ತಪ್ಪುಹೆಜ್ಜೆಯಂತೆ ತೋರಬೇಕು. ಒಳಗೆ ಅದು ತಾಳಕ್ಕೆ ಸರಿಯಾಗಿ ಬಂದು ಕೂಡಬೇಕು. ಚೆಂಡೆ-ಮದ್ದಳೆಯವರಿಗೆ ಇದರ ಕಷ್ಟ ಗೊತ್ತು. ತಾಳವನ್ನು ಪೂರ್ಣ ತಿಳಿದವನು ಮಾತ್ರ ಅದನ್ನು ತಪ್ಪಿದಂತೆ ನಟಿಸಬಲ್ಲ. ಎರಡನೆಯದು ಭಾಷಾಜ್ಞಾನ. ತೆಂಕುತಿಟ್ಟಿನ ಅರ್ಥಗಾರಿಕೆ ಗ್ರಾಂಥಿಕವಾದ, ಪರಭಾಷೆಯ ಪದಗಳನ್ನು ಕಟ್ಟುನಿಟ್ಟಾಗಿ ದೂರವಿರಿಸುವ ಕನ್ನಡವನ್ನು ಬೆಳೆಸಿಕೊಂಡಿದೆ. ರಾಜವೇಷ ಆ ಕನ್ನಡವನ್ನು ಮೀರುವಂತಿಲ್ಲ. ಹಾಸ್ಯಗಾರನಿಗೆ ಮಾತ್ರ ಆಡುನುಡಿಗೆ ಇಳಿಯುವ ಪರವಾನಗಿ ಇದೆ. ಮನೆಯಲ್ಲಿ ತುಳು, ಕೊಂಕಣಿ ಅಥವಾ ಹವ್ಯಕ ಕನ್ನಡವನ್ನಾಡುವ ಪ್ರೇಕ್ಷಕನಿಗೆ ದೇವೇಂದ್ರನ ಸಭೆಯೊಳಗೆ ತನ್ನ ಅಂಗಳದ ಮಾತು ಕೇಳಿಸುವುದು ಅವನ ಬಾಯಿಂದ. ಮೂರನೆಯದು ಪುರಾಣಜ್ಞಾನ. ಕಥೆಯನ್ನು ತಿಳಿಯದವನ ಹಾಸ್ಯ ಕಥೆಯನ್ನು ಕೆಡಿಸುತ್ತದೆ. ನಾಲ್ಕನೆಯದು ಮಿತಿಜ್ಞಾನ. ಎದುರು ಪಾತ್ರಧಾರಿಯ ಮನಃಸ್ಥಿತಿ, ಭಾಗವತನ ಇಂಗಿತ, ರಾತ್ರಿಯ ಹೊತ್ತು ಇವನ್ನರಿತು ಎಲ್ಲಿ ನಿಲ್ಲಿಸಬೇಕೆಂದು ತಿಳಿದಿರಬೇಕು.

ಮಂಥರೆಯ ವೇಷದಲ್ಲಿ ಈ ನಾಲ್ಕನೆಯ ಗುಣದ ಪರೀಕ್ಷೆ ನಡೆಯುತ್ತದೆ. ಪಾರ್ತಿಸುಬ್ಬನ ಹೆಸರಿನೊಡನೆ ಬಂದಿರುವ ಪಟ್ಟಾಭಿಷೇಕ ಪ್ರಸಂಗದಲ್ಲಿ ಮಂಥರೆಯ ಗೂನು, ಕೋಲು, ನಡೆ ಇವು ಪ್ರವೇಶದಲ್ಲಿ ನಗೆ ಹುಟ್ಟಿಸುತ್ತವೆ. ಆದರೆ ಕೈಕೇಯಿಯ ಮನಸ್ಸು ತಿರುಗುವ ಕ್ಷಣಕ್ಕೆ ನಗೆ ಸಂಪೂರ್ಣವಾಗಿ ಇಳಿದಿರಬೇಕು. ಪ್ರೇಕ್ಷಕ ಆಗಲೂ ನಗುತ್ತಲಿದ್ದರೆ ರಾಮನ ವನವಾಸಕ್ಕೆ ಕಾರಣವೇ ಉಳಿಯುವುದಿಲ್ಲ. ನಗಿಸುವ ಶಕ್ತಿಯಂತೆಯೇ ನಗೆಯನ್ನು ನಿಲ್ಲಿಸುವ ಶಕ್ತಿಯನ್ನೂ ವಿಮರ್ಶಕನು ಗುರುತಿಸಬೇಕಾಗುತ್ತದೆ. ಇವೆರಡರಲ್ಲಿ ಹೆಚ್ಚು ಕಷ್ಟದ್ದು ಎರಡನೆಯದು.

ಮಿಜಾರು ಅಣ್ಣಪ್ಪ: ಡೇರೆಯ ಹಾಸ್ಯ, ತುಳುವಿನ ಹಾಸ್ಯ

ಮೂಡುಬಿದಿರೆ ಬಳಿಯ ಮಿಜಾರನ್ನು ಹೆಸರಿನಲ್ಲಿಯೇ ಹೊತ್ತ ಮಿಜಾರು ಅಣ್ಣಪ್ಪನವರ ಕೀರ್ತಿ ಕರ್ನಾಟಕ ಮೇಳದೊಡನೆ ಬೆಸೆದುಕೊಂಡಿದೆ. ಕಲ್ಲಾಡಿ ಮನೆತನದ ಯಜಮಾನಿಕೆಯ ಆ ಮೇಳ ತುಳು ಪ್ರಸಂಗಗಳನ್ನು ಡೇರೆಯಲ್ಲಿ ಪ್ರದರ್ಶಿಸಿ ಅಪಾರ ಜನಪ್ರಿಯತೆಯನ್ನು ಪಡೆದಿತ್ತು. ಯಕ್ಷಗಾನದಲ್ಲಿ ತುಳುವಿನ ಬಳಕೆ ಹೊಸತೇನಲ್ಲ. ಬಾಯಾರು ಸಂಕಯ್ಯ ಭಾಗವತರ ತುಳು ಪಂಚವಟಿ 1887ರಷ್ಟು ಹಿಂದೆಯೇ ಅಚ್ಚಾಗಿತ್ತು. ಆದರೆ ತುಳು ಪ್ರಸಂಗಗಳು ಇಡೀ ತಿರುಗಾಟವನ್ನು ನಡೆಸಿಕೊಡುವಷ್ಟು ಬಲಿತುದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಡೇರೆ ಮೇಳಗಳ ಕಾಲದಲ್ಲಿ. ದಾಮೋದರ ಮಂಡೆಚ್ಚರ ಇಂಪಾದ ಭಾಗವತಿಕೆಯೂ ಅಣ್ಣಪ್ಪನವರ ಹಾಸ್ಯವೂ ಸೇರಿದ ಕರ್ನಾಟಕ ಮೇಳದ ಆಟ ಸಂಗೀತಪ್ರಹಸನ ಎಂಬ ಶಬ್ದಕ್ಕೆ ನಮ್ಮ ನೆಲದ ಅತ್ಯಂತ ಸಮೀಪದ ಉದಾಹರಣೆಯಾಗಬಲ್ಲುದು.

ತುಳು ಪ್ರಸಂಗದಲ್ಲಿ ಹಾಸ್ಯಗಾರನ ಸ್ಥಾನ ಮೂಲಭೂತವಾಗಿ ಬದಲಾಗುತ್ತದೆ. ಕನ್ನಡದ ಪೌರಾಣಿಕ ಪ್ರಸಂಗದಲ್ಲಿ ಅವನೊಬ್ಬನೇ ಆಡುನುಡಿಯ ಪ್ರತಿನಿಧಿ. ತುಳು ಪ್ರಸಂಗದಲ್ಲಿಯಾದರೋ ನಾಯಕನೂ ಪ್ರತಿನಾಯಕನೂ ಪ್ರೇಕ್ಷಕನ ಮನೆಮಾತನ್ನೇ ಆಡುತ್ತಾರೆ. ಗ್ರಾಂಥಿಕ ಭಾಷೆ ಮತ್ತು ಆಡುಭಾಷೆಗಳ ಅಂತರದಿಂದ ಹುಟ್ಟುತ್ತಿದ್ದ ನಗು ಇಲ್ಲಿ ಇಲ್ಲವಾಗುತ್ತದೆ. ಹಾಸ್ಯಗಾರ ಬೇರೆ ದಾರಿಯನ್ನು ಹುಡುಕಬೇಕು. ಗಾದೆ, ಒಗಟು, ಗುತ್ತಿನ ಮನೆಯ ಆಳು-ಒಡೆಯರ ವ್ಯವಹಾರ, ಗದ್ದೆ-ಕೊಟ್ಟಿಗೆಗಳ ಅನುಭವ ಇವು ಆ ದಾರಿಗಳು. ಅಣ್ಣಪ್ಪನವರ ಹಾಸ್ಯ ಜನಸಾಮಾನ್ಯರನ್ನು ಅಷ್ಟು ಆಳವಾಗಿ ತಟ್ಟಿದ್ದಕ್ಕೆ ಕಾರಣ ಈ ಜೀವನಾನುಭವದ ಸಾಮೀಪ್ಯ. ಹಾಸ್ಯಗಾರನನ್ನು ನೋಡುವುದಕ್ಕೆಂದೇ ಜನರು ಟಿಕೆಟ್ಟು ಕೊಳ್ಳುವಂತಾದುದು ಮೇಳದ ಅಂತಸ್ತಿನ ಕ್ರಮದಲ್ಲಿ ಸಣ್ಣ ಪಲ್ಲಟವಲ್ಲ.

ಈ ಯಶಸ್ಸಿನ ಇನ್ನೊಂದು ಮುಖವನ್ನೂ ನಿರ್ದಾಕ್ಷಿಣ್ಯವಾಗಿ ನೋಡಬೇಕಾಗಿದೆ. ಹಾಸ್ಯವು ಸಂಪಾದನೆಯ ಆಧಾರವಾದಾಗ ಪ್ರಸಂಗಗಳು ಹಾಸ್ಯಕ್ಕಾಗಿಯೇ ಹೊಸೆಯಲ್ಪಟ್ಟವು. ಕಥೆಗೆ ಸಂಬಂಧವಿರದ ದೃಶ್ಯಗಳು ಸೇರಿಕೊಂಡವು. ದ್ವಂದ್ವಾರ್ಥದ ಮಾತು ಹೆಚ್ಚಿತು. ತುಳು ಯಕ್ಷಗಾನದ ಬಗೆಗಿನ ಆಕ್ಷೇಪಗಳಲ್ಲಿ ಬಹುಪಾಲು ಈ ಕಾರಣದಿಂದ ಬಂದವು. ಆದರೆ ಆಕ್ಷೇಪಿಸಿದವರು ಅನುಕರಣಕಾರರ ದೋಷವನ್ನು ಇಡೀ ಪರಂಪರೆಯ ಮೇಲೆ ಹೊರಿಸಿದರು. ಪ್ರತಿಭಾವಂತನಾದ ಹಾಸ್ಯಗಾರನು ತೆಗೆದುಕೊಂಡ ಸ್ವಾತಂತ್ರ್ಯಕ್ಕೂ ಅವನನ್ನು ಅನುಕರಿಸಿದವರ ಸ್ವೇಚ್ಛೆಗೂ ಇರುವ ಅಂತರವನ್ನು ಗುರುತಿಸುವುದು ವಿಮರ್ಶೆಯ ಕರ್ತವ್ಯವಾಗಿತ್ತು. ಆ ಕೆಲಸ ಸಕಾಲದಲ್ಲಿ ಸಾಕಷ್ಟು ನಡೆಯಲಿಲ್ಲ.

ವಿಟ್ಲ ಜೋಷಿ: ಕ್ಷೇತ್ರದ ಮೇಳದ ಹಾಸ್ಯ

ಬಂಟ್ವಾಳ ತಾಲೂಕಿನ ವಿಟ್ಲದ ಗೋಪಾಲಕೃಷ್ಣ ಜೋಷಿಯವರು, ಜನರ ಬಾಯಲ್ಲಿ ವಿಟ್ಲ ಜೋಷಿಯವರು, ಹೆಸರು ಗಳಿಸಿದುದು ಧರ್ಮಸ್ಥಳ ಮೇಳದಲ್ಲಿ. ದೀರ್ಘಕಾಲ ಡೇರೆಯ ಮೇಳವಾಗಿದ್ದು ಮುಂದೆ ಸೇವೆಯಾಟದ ಮೇಳವಾದ ಈ ತಂಡದ ಸನ್ನಿವೇಶ ಕರ್ನಾಟಕ ಮೇಳದ್ದಕ್ಕಿಂತ ಭಿನ್ನವಾದುದು. ಡೇರೆಯಿದ್ದಾಗಲೂ ಮೇಳದ ಹಿಂದೆ ಕ್ಷೇತ್ರದ ಗೌರವವಿತ್ತು. ಕಡತೋಕ ಮಂಜುನಾಥ ಭಾಗವತರ ನಿರ್ದೇಶನದ ಶಿಸ್ತು ಇತ್ತು. ಪುತ್ತೂರು ನಾರಾಯಣ ಹೆಗ್ಡೆ, ಕುಂಬಳೆ ಸುಂದರ ರಾವ್, ಕೆ. ಗೋವಿಂದ ಭಟ್, ಪಾತಾಳ ವೆಂಕಟರಮಣ ಭಟ್ ಅವರಂಥ ಸಹಕಲಾವಿದರಿದ್ದರು. ಇಂಥ ಕೂಟದಲ್ಲಿ ಹಾಸ್ಯಗಾರನ ಮಾತು ಎದುರಿನವರ ಪ್ರೌಢಿಮೆಗೆ ಸಾಟಿಯಾಗಿ ನಿಲ್ಲಬೇಕು. ಅದೇ ಕಾಲಕ್ಕೆ ಅದನ್ನು ಮಸುಕುಗೊಳಿಸಬಾರದು.

ಇಲ್ಲಿ ಹಾಸ್ಯದ ಸ್ವರೂಪ ಬಹುಮಟ್ಟಿಗೆ ತರ್ಕದ ಹಾಸ್ಯ. ರಾಜನಾಜ್ಞೆಯನ್ನು ದೂತನು ಅಕ್ಷರಶಃ ತೆಗೆದುಕೊಂಡು ಅದರ ಅಸಂಗತಿಯನ್ನು ತೋರಿಸುವುದು, ಮುದಿ ಬ್ರಾಹ್ಮಣನು ಶಾಸ್ತ್ರವಾಕ್ಯವನ್ನು ತನ್ನ ಅನುಕೂಲಕ್ಕೆ ಬಾಗಿಸುವುದು, ಚಾರಕನು ಒಡೆಯನನ್ನು ಹೊಗಳುವ ನೆಪದಲ್ಲಿ ಅವನ ದೌರ್ಬಲ್ಯವನ್ನು ಹೊರಗಿಡುವುದು ಈ ಮಾದರಿಯ ನಿದರ್ಶನಗಳು. ಅರ್ಥಗಾರಿಕೆಯ ಗಾಂಭೀರ್ಯವನ್ನು ಅದರ ಒಳಗಿನಿಂದಲೇ ಪರೀಕ್ಷಿಸುವ ವಿಧಾನ ಇದು. ತಾಳಮದ್ದಳೆಯ ವಾದಕೌಶಲಕ್ಕೂ ಇದಕ್ಕೂ ಹತ್ತಿರದ ನಂಟಿದೆ. ಅಣ್ಣಪ್ಪನವರ ಹಾಸ್ಯಕ್ಕೆ ಲೋಕಾನುಭವ ಮೂಲವಾದರೆ, ಜೋಷಿಯವರು ಪ್ರತಿನಿಧಿಸಿದ ಹಾಸ್ಯಕ್ಕೆ ಪಾಂಡಿತ್ಯದ ಪರಿಚಯ ಮೂಲ. ಇವೆರಡನ್ನು ಮೇಲು-ಕೀಳೆಂದು ವಿಂಗಡಿಸುವುದರಲ್ಲಿ ಹುರುಳಿಲ್ಲ. ಎರಡೂ ತಮ್ಮ ತಮ್ಮ ಮೇಳದ ಒಟ್ಟು ವ್ಯವಸ್ಥೆಗೆ ನೀಡಿದ ಉತ್ತರಗಳು.

ಬಂಟ್ವಾಳ ಜಯರಾಮ ಆಚಾರ್ಯ: ಬಾಹುಕನ ನಗು

ಈ ಎರಡು ಮಾದರಿಗಳ ಬಳಿಕದ ತಲೆಮಾರಿನಲ್ಲಿ ಬಂಟ್ವಾಳ ಜಯರಾಮ ಆಚಾರ್ಯರದು ಮುಖ್ಯ ಹೆಸರು. ನಾಲ್ಕು ದಶಕಗಳಿಗೂ ಮಿಕ್ಕಿದ ಅವರ ರಂಗಜೀವನ ಕಟೀಲು, ಹೊಸನಗರ, ಎಡನೀರು, ಹನುಮಗಿರಿ ಮೊದಲಾದ ಮೇಳಗಳಲ್ಲಿ ಸಾಗಿತು. 2024ರ ಅಕ್ಟೋಬರ್‌ನಲ್ಲಿ, ಪ್ರದರ್ಶನಕ್ಕೆಂದು ಹೋಗಿದ್ದ ಬೆಂಗಳೂರಿನಲ್ಲಿ ಹೃದಯಾಘಾತದಿಂದ ಅವರು ನಿಧನರಾದರು. ಹರಕೆಯಾಟದ ಭಕ್ತಿಪ್ರಧಾನ ಸನ್ನಿವೇಶ, ಪೌರಾಣಿಕ ಪ್ರಸಂಗಗಳಿಗೆ ಬದ್ಧವಾದ ಮೇಳಗಳ ಶಿಸ್ತು, ಮಳೆಗಾಲದ ಬಿಡಿ ಪ್ರದರ್ಶನಗಳ ಮಿಶ್ರ ಪ್ರೇಕ್ಷಕರು ಇವೆಲ್ಲವನ್ನು ಒಂದೇ ವೃತ್ತಿಜೀವನದಲ್ಲಿ ಎದುರಿಸಿದ ಕಲಾವಿದ ಅವರು.

ಅವರ ತಲೆಮಾರಿನ ಸಾಧನೆಯನ್ನು ಅಳೆಯಲು ಬಾಹುಕನ ವೇಷವು ಉತ್ತಮ ನಿಕಷ. ಕಾರ್ಕೋಟಕನ ವಿಷದಿಂದ ರೂಪಗೆಟ್ಟ ನಳನು ಅಯೋಧ್ಯೆಯ ಋತುಪರ್ಣನಲ್ಲಿ ಬಾಹುಕನೆಂಬ ಹೆಸರಿನಿಂದ ಸಾರಥಿಯಾಗಿರುತ್ತಾನೆ. ಕಾರ್ಕೋಟಕನ ಕಡಿತದವರೆಗೆ ನಳನ ವೇಷ ಒಬ್ಬ ಕಲಾವಿದನದು, ಅಲ್ಲಿಂದ ಮುಂದೆ ಬಾಹುಕನ ವೇಷ ಹಾಸ್ಯಗಾರನದು ಎಂಬುದು ರಂಗದ ರೂಢಿ. ಈ ಹಂಚಿಕೆಯಲ್ಲಿಯೇ ಆಳವಾದ ಒಂದು ನಾಟ್ಯತತ್ತ್ವ ಅಡಗಿದೆ. ರಾಜನ ಬಾಳಿನ ಅತ್ಯಂತ ದುಃಖದ ಭಾಗವನ್ನು ಪರಂಪರೆಯು ರಾಜವೇಷದವನಿಗೆ ಕೊಡದೆ ಹಾಸ್ಯಗಾರನಿಗೆ ಕೊಟ್ಟಿದೆ.

ದಮಯಂತಿಗೆ ಮರುಸ್ವಯಂವರವೆಂಬ ವಾರ್ತೆ ಬಂದು ಋತುಪರ್ಣ ಹೊರಡುತ್ತಾನೆ. ಅವನ ರಥವನ್ನು ನಡೆಸಬೇಕಾದವನು ದಮಯಂತಿಯ ಗಂಡನೇ ಆದ ಬಾಹುಕ. ರಥದ ವೇಗಕ್ಕೆ ಋತುಪರ್ಣನ ಉತ್ತರೀಯ ಹಾರಿ ಬೀಳುತ್ತದೆ. ಅದನ್ನು ತರಿಸಬೇಕೆನ್ನುವಷ್ಟರಲ್ಲಿ ರಥ ಯೋಜನ ದೂರ ಸಾಗಿರುತ್ತದೆ. ಸನ್ನಿವೇಶ ಶುದ್ಧ ವಿನೋದದ್ದು. ಪ್ರೇಕ್ಷಕ ಮನಸಾರೆ ನಗುತ್ತಾನೆ. ಆದರೆ ಆ ವೇಗಕ್ಕೆ ಕಾರಣ ಗಂಡನೊಬ್ಬನ ತಳಮಳ ಎಂಬುದು ನಗುವಿನ ಹಿಂದೆಯೇ ಅವನಿಗೆ ಹೊಳೆಯಬೇಕು. ಮುಂದೆ ಕುಂಡಿನಪುರದಲ್ಲಿ ತನ್ನ ಮಕ್ಕಳನ್ನೇ ಕಂಡಾಗ ಬಾಹುಕ ಗುರುತು ಬಿಟ್ಟುಕೊಡದೆ ಅಳಬೇಕಾಗುತ್ತದೆ. ಕುರೂಪದ ನಡೆ, ಬಾಗಿದ ಮೈ, ಒಡಕು ಮಾತು ಯಾವುದೂ ಆಗ ಬದಲಾಗುವಂತಿಲ್ಲ. ಅವೇ ನಗೆಯ ಸಾಧನಗಳಿಂದ ಕರುಣ ಹುಟ್ಟಬೇಕು. ಎಸ್ಟ್ರಗಾನನಾಗಿ ನಿಂತ ಬರ್ಟ್ ಲಾರನ ಕಾರ್ಯವೂ ಸ್ವರೂಪದಲ್ಲಿ ಇದೇ ಆಗಿತ್ತು. ಯಕ್ಷಗಾನ ಪರಂಪರೆಯಲ್ಲಿ ಅದು ಹೊಸ ಪ್ರಯೋಗವೆನಿಸಿಕೊಳ್ಳದೆ ಹಾಸ್ಯಗಾರನ ನಿತ್ಯದ ಹೊಣೆಗಳಲ್ಲಿ ಒಂದಾಗಿ ನಡೆದುಬಂದಿದೆ.

ಜಯರಾಮ ಆಚಾರ್ಯರ ಹಾಸ್ಯದ ವಿಶೇಷ ಗುಣವನ್ನು ಒಂದು ಶಬ್ದದಲ್ಲಿ ಹೇಳುವುದಾದರೆ ಅದು ಸಂಯಮ. ಪ್ರಸಂಗದ ಚೌಕಟ್ಟನ್ನು ಬಿಡದ, ಎದುರು ಪಾತ್ರಕ್ಕೆ ಪೋಷಕವಾದ ಹಾಸ್ಯ ಅವರದು. ಅಣ್ಣಪ್ಪನವರ ಲೋಕಾನುಭವದ ಧಾರೆ ಮತ್ತು ಜೋಷಿಯವರು ಪ್ರತಿನಿಧಿಸಿದ ಪುರಾಣಪರಿಚಯದ ಧಾರೆ ಇವೆರಡರ ಸಮೀಪಕ್ಕೂ ಬಂದ ತಲೆಮಾರಿನ ಪ್ರತಿನಿಧಿಯಾಗಿ ಅವರನ್ನು ಗುರುತಿಸಬಹುದು.

ನಗೆಯ ಗುರಿ ಯಾರು?

ಹಾಸ್ಯದ ವಿಮರ್ಶೆಯು ಶ್ಲೀಲ-ಅಶ್ಲೀಲಗಳ ಚರ್ಚೆಯಲ್ಲಿಯೇ ಮುಗಿಯಬಾರದು. ಯಾರನ್ನು ಕುರಿತು ನಗಲಾಗುತ್ತಿದೆ ಎಂಬ ಪ್ರಶ್ನೆ ಅದಕ್ಕಿಂತ ಮೂಲಭೂತವಾದುದು. ದೂತನು ದೇವೇಂದ್ರನನ್ನು ಲೇವಡಿಮಾಡಿದಾಗ ನಗೆ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಅಧಿಕಾರದ ಅಹಂಕಾರ ಅಲ್ಲಿ ಗುರಿಯಾಗಿರುತ್ತದೆ. ರಜಕನ ಪಾತ್ರದಲ್ಲಿ ಅಗಸನ ವೃತ್ತಿಯನ್ನೋ ಮಾತಿನ ಧಾಟಿಯನ್ನೋ ಅಣಕಿಸಿದಾಗ ನಗೆ ಮೇಲಿನಿಂದ ಕೆಳಕ್ಕೆ ಬೀಳುತ್ತದೆ. ಮುದಿತನ, ಅಂಗವೈಕಲ್ಯ, ಹೆಣ್ಣಿನ ರೂಪ, ಜಾತಿಯ ಮಾತು ಇವುಗಳನ್ನು ನಗೆಯ ಸುಲಭ ಸಾಮಗ್ರಿಯಾಗಿ ಬಳಸಿದ ನಿದರ್ಶನಗಳು ಪರಂಪರೆಯಲ್ಲಿ ಧಾರಾಳವಾಗಿವೆ. ‘ಪರಂಪರೆ’ ಎಂಬ ಹೆಸರಿನಿಂದ ಅವನ್ನು ಸಮರ್ಥಿಸುವುದೂ ಸರಿಯಲ್ಲ, ಅವುಗಳಿಂದಾಗಿ ಪರಂಪರೆಯನ್ನೇ ತಳ್ಳಿಹಾಕುವುದೂ ಸರಿಯಲ್ಲ. ಅದೇ ರಜಕನು ಕಂಸನ ಅಗಸನೆಂಬ ದರ್ಪದಿಂದ ಮೆರೆಯುವವನಾಗಿ ಕಾಣಿಸಿಕೊಂಡರೆ ನಗೆಯ ಗುರಿ ವೃತ್ತ್ಯಭಿಮಾನದಿಂದ ಅಧಿಕಾರದ ನೆರಳಿನ ಮದಕ್ಕೆ ಬದಲಾಗುತ್ತದೆ. ಪದ್ಯ ಬದಲಾಗದೆಯೂ ಅರ್ಥ ಬದಲಾಗುತ್ತದೆ. ಹಾಸ್ಯಗಾರನ ಸೃಜನಶೀಲತೆಗೂ ನೈತಿಕ ಹೊಣೆಗೂ ಇಲ್ಲಿಯೇ ಸಂಧಿ.

ಮೇಲೆ ಹೇಳಿದ ಪ್ರತ್ಯೇಕ ಮಾನದಂಡವನ್ನು ಈಗ ಸಂಗ್ರಹಿಸಬಹುದು. ತಾಳಕ್ಕೂ ಮಾತಿಗೂ ಇರುವ ಹೊಂದಾಣಿಕೆ, ಆಡುನುಡಿ ಮತ್ತು ಗ್ರಾಂಥಿಕ ಭಾಷೆಗಳ ನಡುವಿನ ಚಲನೆ, ರಸಾಂತರಕ್ಕೆ ಎಡೆಗೊಡುವ ಸಂಯಮ, ನಗೆಯ ಗುರಿಯ ಆಯ್ಕೆ ಈ ನಾಲ್ಕರ ನೆಲೆಯಲ್ಲಿ ಹಾಸ್ಯಗಾರನನ್ನು ವಿವೇಚಿಸಿದರೆ ‘ಜನರನ್ನು ನಗಿಸಿದರು’ ಎಂಬ ಪ್ರಶಂಸೆಯೂ ‘ಕೀಳು ಅಭಿರುಚಿ’ ಎಂಬ ಖಂಡನೆಯೂ ಎಷ್ಟು ಅಪೂರ್ಣವೆಂಬುದು ಸ್ಪಷ್ಟವಾಗುತ್ತದೆ.

ಕಾಲಮಿತಿ ಮತ್ತು ದಾಖಲೀಕರಣ

ರಾತ್ರಿಯಿಡೀ ನಡೆಯುತ್ತಿದ್ದ ಆಟ ಅನೇಕ ಮೇಳಗಳಲ್ಲಿ ಈಗ ನಡುರಾತ್ರಿಯ ಹೊತ್ತಿಗೆ ಮುಗಿಯುತ್ತದೆ. ಕಾಲಮಿತಿಯ ಪ್ರದರ್ಶನದಿಂದ ಪ್ರೇಕ್ಷಕರಿಗೂ ಕಲಾವಿದರಿಗೂ ಕೆಲವು ಅನುಕೂಲಗಳಾಗಿವೆ. ಆದರೆ ಪದ್ಯಕ್ಕೆ ಕತ್ತರಿ ಹಾಕುವ ಮೊದಲು ಕತ್ತರಿ ಬೀಳುವುದು ಪದ್ಯವಿಲ್ಲದ ಹಾಸ್ಯಕ್ಕೆ. ಅದು ಯಾವ ಪುಸ್ತಕದಲ್ಲಿಯೂ ಇಲ್ಲದ ಕಾರಣ ಬಿಟ್ಟುಹೋದುದು ಯಾರಿಗೂ ತಿಳಿಯುವುದಿಲ್ಲ. ಇತ್ತ ಮೊಬೈಲಿನ ದೃಶ್ಯತುಣುಕುಗಳಲ್ಲಿ ಹಾಸ್ಯ ಅತ್ಯಧಿಕವಾಗಿ ಪ್ರಸಾರವಾಗುತ್ತಿದೆ. ಬಾಹುಕನ ಉತ್ತರೀಯ ಪ್ರಸಂಗದ ನಾಲ್ಕು ನಿಮಿಷ ಎಲ್ಲೆಡೆ ಹರಿದಾಡಬಹುದು. ಮಕ್ಕಳನ್ನು ಕಂಡು ಅವನು ಅಳುವ ಮುಂದಿನ ಭಾಗ ಆ ತುಣುಕಿನಲ್ಲಿರುವುದಿಲ್ಲ. ಒಂದು ಕಡೆ ಹಾಸ್ಯವಿಲ್ಲದ ಪ್ರಸಂಗ, ಇನ್ನೊಂದು ಕಡೆ ಪ್ರಸಂಗವಿಲ್ಲದ ಹಾಸ್ಯ ಎಂಬ ಸ್ಥಿತಿ ಇದು. ಈ ಬೇರ್ಪಡೆಯಿಂದ ಹೆಚ್ಚು ನಷ್ಟವಾಗುವುದು ಹಾಸ್ಯಗಾರನಿಗೆ, ಏಕೆಂದರೆ ಅವನ ಕಲೆ ಇರುವುದೇ ಅವೆರಡರ ಸಂಬಂಧದಲ್ಲಿ.

ಆದುದರಿಂದ ಅಕಾಡೆಮಿಗಳೂ ವಿಶ್ವವಿದ್ಯಾನಿಲಯಗಳೂ ಕೈಗೊಳ್ಳುವ ದಾಖಲೀಕರಣದಲ್ಲಿ ಕೆಲವು ಅಂಶಗಳಿಗೆ ಗಮನ ಸಲ್ಲಬೇಕು. ಹಾಸ್ಯದ ದೃಶ್ಯಗಳನ್ನು ಬಿಡಿಯಾಗಿ ಧ್ವನಿಮುದ್ರಿಸದೆ ಪೂರ್ಣ ಪ್ರಸಂಗದೊಡನೆ ದಾಖಲಿಸಬೇಕು. ಒಬ್ಬನೇ ಹಾಸ್ಯಗಾರನ ಒಂದೇ ವೇಷವನ್ನು ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಭಾಗವತರೊಡನೆ ದಾಖಲಿಸಿದರೆ ಅವನು ಏನನ್ನು ಉಳಿಸಿಕೊಳ್ಳುತ್ತಾನೆ, ಏನನ್ನು ಬದಲಿಸುತ್ತಾನೆ ಎಂಬುದು ತಿಳಿಯುತ್ತದೆ. ಹಿರಿಯ ಹಾಸ್ಯಗಾರರ ಜೊತೆಗೆ ಅವರೊಡನೆ ದುಡಿದ ಮದ್ದಳೆಗಾರರ, ಭಾಗವತರ, ಚೌಕಿಯ ಸಹಾಯಕರ ನೆನಪುಗಳನ್ನೂ ಸಂಗ್ರಹಿಸಬೇಕು. ಪ್ರಸಂಗಗಳ ಹೊಸ ಆವೃತ್ತಿಗಳನ್ನು ಸಿದ್ಧಪಡಿಸುವ ಸಂಪಾದಕರು ಹಾಸ್ಯಕ್ಕೆ ಎಡೆಯಿರುವ ಸ್ಥಳಗಳನ್ನೂ ಅಲ್ಲಿ ರೂಢಿಯಲ್ಲಿರುವ ಸಂಭಾಷಣೆಯ ಹಂದರವನ್ನೂ ಅನುಬಂಧದಲ್ಲಿ ಸೂಚಿಸಿದರೆ ಮುಂದಿನ ಅಧ್ಯಯನಕ್ಕೆ ಆಧಾರ ದೊರೆಯುತ್ತದೆ.

ಮಿಜಾರು ಅಣ್ಣಪ್ಪ, ವಿಟ್ಲ ಜೋಷಿ, ಬಂಟ್ವಾಳ ಜಯರಾಮ ಆಚಾರ್ಯ ಈ ಮೂವರೂ ತಮ್ಮ ಊರಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಹೊತ್ತು ಕರಾವಳಿಯ ಬಯಲು ಬಯಲುಗಳಲ್ಲಿ ರಾತ್ರಿಗಳನ್ನು ಬೆಳಗಿದವರು. ಅವರು ಆಡಿದ ಮಾತುಗಳಲ್ಲಿ ಹೆಚ್ಚಿನವು ಆಯಾ ರಾತ್ರಿಯೊಡನೆ ಮುಗಿದವು. ಅವರ ಆಟಗಳನ್ನು ಕಂಡ ಪ್ರೇಕ್ಷಕರೂ ಅವರೊಡನೆ ಕುಣಿದ ಸಹಕಲಾವಿದರೂ ಇನ್ನೂ ನಮ್ಮ ನಡುವೆ ಇದ್ದಾರೆ. ಈ ಸಾಕ್ಷ್ಯ ಲಭ್ಯವಿರುವಾಗಲೇ ಮೇಲಿನ ಕಾರ್ಯಕ್ಕೆ ತೊಡಗುವುದು ಯಕ್ಷಗಾನ ಸಂಶೋಧನೆಯ ಮುಂದಿರುವ ತುರ್ತಿನ ಕೆಲಸವಾಗಿದೆ.